‘ಜಾತಿ’ ಹೋಗಿ ‘ಬಗೆ’ ಬಂದ ಬಗೆ

ಕಂಪ್ಯೂಟರ್ ವಿಜ್ಞಾನವನ್ನು ಕನ್ನಡದಲ್ಲಿ ಪಾಠ ಮಾಡಿದವರು ನಾಡಿನಲ್ಲಿ ಹಲವರಿದ್ದಾರೆ. ಕಂಪ್ಯೂಟರು ಕನ್ನಡದಲ್ಲಿ ಬೈಯದಂತೆ ನೋಡಿಕೊಂಡವರು ಮಾತ್ರ, ನನಗೆ ತಿಳಿದಮಟ್ಟಿಗೆ, ಪ್ರೊ. ಶಿವನಂಜಮ್ಮನವರೊಬ್ಬರೇ. ನಂಜನಗೂಡಿನ ನಮ್ಮ ಕಾಲೇಜಿನಿಂದ ಈ ವರ್ಷ ನಿವೃತ್ತರಾಗುತ್ತಿರುವ ಅವರನ್ನು ಕುರಿತು ಅವರ ಹಳೆಯ ವಿದ್ಯಾರ್ಥಿನಿಯೂ ಈಗಿನ ಸಹೋದ್ಯೋಗಿಯೂ ಆದ ನಾನು ನಾಲ್ಕು ಮಾತು ಬರೆಯುವುದು ನನ್ನ ಪಾಲಿನ ಸಂತೋಷ.

ಮೂಗೂರಿನ ಬೇಸಾಯಗಾರರ ಮನೆಯಲ್ಲಿ ಹುಟ್ಟಿ, ತಿ. ನರಸೀಪುರದಲ್ಲಿ ಓದಿ, ಮೈಸೂರಿನಲ್ಲಿ ಪದವಿಗಳನ್ನು ಪಡೆದ ಮೇಡಂ ಅವರು ಬೇರೆಲ್ಲಿಗೂ ಹೋಗದೆ ನಮ್ಮ ಕಾಲೇಜಿಗೇ ಅಂಟಿಕೊಂಡರು. ಮುಂಗೋಪಿ ಎಂಬ ಹೆಸರು ಅವರಿಗಿತ್ತು, ಅದು ಸುಳ್ಳೇನೂ ಅಲ್ಲ. ತಡವಾಗಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಗದರಿಸುತ್ತಿದ್ದ ಅವರೇ, ಕವಲಂದೆ ಕಡೆಯ ಬಸ್ಸು ಬರುವವರೆಗೆ ನಮಗಾಗಿ ಲ್ಯಾಬನ್ನು ತೆರೆದಿಟ್ಟುಕೊಂಡು ಕಾಯುತ್ತಿದ್ದರು.

ಅವರು ಕಲಿಸುತ್ತಿದ್ದುದು ಫಂಕ್ಷನಲ್ ಪ್ರೋಗ್ರಾಮಿಂಗ್. ಅಂದರೆ ಒಂದೊಂದೇ ಕೆಲಸ ಮಾಡುವ ಸಣ್ಣ ಸಣ್ಣ ಫಂಕ್ಷನ್‌ಗಳನ್ನು ಒಂದಕ್ಕೊಂದು ಜೋಡಿಸಿ ದೊಡ್ಡ ಲೆಕ್ಕ ಮಾಡಿಸುವ ವಿದ್ಯೆ. ಇಲ್ಲಿ ಪ್ರತಿಯೊಂದು ಬೆಲೆಯೂ ಸಂಖ್ಯೆಯೋ ಪಠ್ಯವೋ ಎಂಬುದನ್ನು, ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ತಾನೇ ಊಹಿಸಿಕೊಂಡು ಹೋಗುತ್ತದೆ. ಸಂಖ್ಯೆ, ಪಠ್ಯ ಎಂಬ ಈ ವಿಂಗಡಣೆಯನ್ನೇ ಇಂಗ್ಲಿಷಿನವರು ಟೈಪ್ ಎನ್ನುತ್ತಾರೆ. ಊಹೆ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಅದು ದೂರು ಹೇಳುತ್ತದೆ. ತೊಂದರೆಯೆಂದರೆ, ತಪ್ಪು ನಾಲ್ಕನೆಯ ಸಾಲಿನಲ್ಲಿದ್ದರೂ ದೂರು ಹನ್ನೆರಡನೆಯ ಸಾಲಿನ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅದೂ ಬಿಗಿ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದ ನಾವು ತಪ್ಪನ್ನು ಹುಡುಕುವ ಬದಲು ಸರಿಯಾಗಿದ್ದ ಸಾಲನ್ನೇ ಅಳಿಸಿ ಕೂರುತ್ತಿದ್ದೆವು.

ಇದನ್ನು ನೋಡಲಾರದೆ ಮೇಡಂ ಆ ಸಂದೇಶಗಳನ್ನು ಕನ್ನಡಕ್ಕೆ ತರಲು ಕುಳಿತರು. ಟೈಪ್ ಎಂಬುದಕ್ಕೆ ಅವರು ಇಟ್ಟ ಪದ ‘ಜಾತಿ’. ಅವರ ಮನೆಯಲ್ಲಿ ‘ಇದು ಯಾವ ಜಾತಿ ಭತ್ತ’ ಎಂದು ಕೇಳುತ್ತಿದ್ದರು. ಆ ಪದಕ್ಕೆ ಮುಳ್ಳಿರುವುದನ್ನು ತಿಳಿಯಬೇಕಾದ ಪ್ರಸಂಗ ಅವರಿಗೆ ಬಂದಿರಲಿಲ್ಲ. ಸಾಲದ್ದಕ್ಕೆ, ಯಂತ್ರ ಆತ್ಮೀಯವಾಗಿ ಮಾತಾಡಲೆಂದು ವಿದ್ಯಾರ್ಥಿಯ ಹೆಸರನ್ನೂ ಸಂದೇಶದ ಮೊದಲಿಗೆ ಸೇರಿಸಿದರು. ಹೀಗಾಗಿ ಒಂದು ಮಧ್ಯಾಹ್ನ ನನ್ನ ಪರದೆಯ ಮೇಲೆ ಮೂಡಿದ್ದು ಇಷ್ಟು: ‘ಪವಿತ್ರ ಅವರೇ, ನಿಮ್ಮ ಜಾತಿ ಇಲ್ಲಿಗೆ ಹೊಂದುವುದಿಲ್ಲ.’

ಹಿಂದಿನಿಂದ ಯಾರೋ ಅದನ್ನು ಗಟ್ಟಿಯಾಗಿ ಓದಿದರು. ಕೆಲವರು ನಕ್ಕರು. ನಾನು ಎದ್ದು ಹೊರಟವಳು ಆ ವಾರ ಮತ್ತೆ ಕಾಲೇಜಿಗೆ ಹೋಗಲಿಲ್ಲ. ತಾಂಡವಪುರದ ಬಳಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಕೇಳಿಕೊಂಡು ಬಂದೆ; ಸೋಮವಾರದಿಂದ ಬಾ ಎಂದಿದ್ದರು.

ಸೋಮವಾರಕ್ಕೆ ಮುನ್ನ ಮೇಡಂ ಕವಲಂದೆಯ ನಮ್ಮ ಮನೆಗೆ ಬಂದರು. ನನ್ನ ಅವ್ವ ಮುದ್ದಮ್ಮ ಜಗಲಿಯಲ್ಲಿ ಚಾಪೆ ಹಾಸಿ, ಕೂರಿಸಿ, ನೇರವಾಗಿಯೇ ಕೇಳಿದಳು: “ಏನ್ ಮೇಡಮ್ಮಾರೇ, ಊರೋರು ಕೇಳದು ಸಾಲ್ದು ಅಂತ ಈಗ ಕಂಪ್ಯೂಟ್ರೂ ಜಾತಿ ಕೇಳ್ತದಾ?”

ಮೇಡಂ ಮುಖ ಕಪ್ಪಿಟ್ಟಿತು. ಅವರು ಭತ್ತದ ಮಾತೆತ್ತಲಿಲ್ಲ, ಅರ್ಥ ವಿವರಿಸಲಿಲ್ಲ. ತರಗತಿಯ ಕನ್ನಡ ಬಿಟ್ಟು ಮೂಗೂರಿನ ಮಾತಿನಲ್ಲೇ ಹೇಳಿದರು: “ಕಂಪ್ಯೂಟ್ರು ಕೇಳ್ನಿಲ್ಲ ಕಣವ್ವ. ಆ ಮಾತ ಅದ್ರ ಬಾಯಿಗೆ ಆಕ್ದೋಳು ನಾನು. ತಪ್ಪು ನಂದು.” ಆಮೇಲೆ ನನ್ನ ಕಡೆ ತಿರುಗಿ, “ನೀನು ಬರ್ದಿದ್ದ ಪ್ರೋಗ್ರಾಮು ಮುಕ್ಕಾಲು ಸರಿ ಇತ್ತು. ಬಾ, ಇಬ್ರೂ ಸೇರಿ ಸರಿ ಮಾಡವ,” ಎಂದರು. ನನಗೆ ಸಿಟ್ಟು ಇಳಿದಿರಲಿಲ್ಲ. ಆದರೂ ಸೋಮವಾರ ಕಾರ್ಖಾನೆಯ ಬದಲು ಲ್ಯಾಬಿಗೆ ಹೋದೆ.

ಅಂದು ಅವರು ಆ ಸಂದೇಶವನ್ನು ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ತೋರಿಸಿ, “ಇದನ್ನ ಬರೆದೋಳು ನಾನು. ನಗೋದಿದ್ರೆ ನನ್ನ ನೋಡ್ಕೊಂಡು ನಗಿ,” ಎಂದರು. ಯಾರೂ ನಗಲಿಲ್ಲ. ಸಹೋದ್ಯೋಗಿ ರಾಜೇಂದ್ರ ಅವರು, ನಿಘಂಟಿನಲ್ಲಿ ಆ ಪದಕ್ಕೆ ಪ್ರಭೇದವೆಂಬ ಅರ್ಥವೂ ಇದೆ, ಒಬ್ಬಳಿಗಾಗಿ ಬದಲಿಸಬೇಕೇ ಎಂದು ಕೇಳಿದಾಗ ಮೇಡಂ ಸಿಡುಕಿದರು: “ಲ್ಯಾಬಲ್ಲಿ ಕೂರೋದು ನಿಘಂಟಲ್ಲ ಕಣ್ರೀ, ಮಕ್ಕಳು.” ‘ನಮೂನೆ’, ‘ತರ’ ಎಂದೆಲ್ಲ ಜಗಳವಾಡಿ ಕೊನೆಗೆ ನಾವೆಲ್ಲ ಒಪ್ಪಿದ ಪದ ‘ಬಗೆ’.

ಪದ ಬದಲಿಸಿ ಕೈತೊಳೆದುಕೊಳ್ಳಬಹುದಿತ್ತು. ಮೇಡಂ ಅಷ್ಟಕ್ಕೆ ನಿಲ್ಲಲಿಲ್ಲ. ಸಂದೇಶ ಯಾರ ಮೇಲೂ ಗೂಬೆ ಕೂರಿಸಬಾರದು, ಯಂತ್ರಕ್ಕೆ ಆ ಊಹೆ ಎಲ್ಲಿಂದ ಬಂತೆಂದು ಹೇಳಲೇಬೇಕು ಎಂದು ಹಟ ಹಿಡಿದು, ಆ ಕೆಲಸವನ್ನೇ ನನಗೆ ಕೊನೆಯ ವರ್ಷದ ಪ್ರಾಜೆಕ್ಟಾಗಿ ಕೊಟ್ಟರು. ಈಗ ಅದು ಹೀಗೆ ಹೇಳುತ್ತದೆ: ‘ಹನ್ನೆರಡನೆಯ ಸಾಲಿನಲ್ಲಿ ಎರಡು ಬಗೆಗಳು ಹೊಂದುತ್ತಿಲ್ಲ. ಇಲ್ಲಿ ಬೇಕಿರುವುದು ಸಂಖ್ಯೆ, ಬಂದಿರುವುದು ಪಠ್ಯ. ಸಂಖ್ಯೆ ಬೇಕೆಂದು ಊಹಿಸಿದ್ದು ನಾಲ್ಕನೆಯ ಸಾಲಿನಿಂದ. ಎರಡನ್ನೂ ನೋಡಿ.’ ಇದನ್ನು ಓದಿದ ಮಕ್ಕಳು ಸರಿಯಿದ್ದ ಸಾಲನ್ನು ಅಳಿಸುವುದು ಬಹುಮಟ್ಟಿಗೆ ನಿಂತಿದೆ. ಸುತ್ತಲ ಕೆಲವು ಕಾಲೇಜುಗಳೂ ಇದನ್ನು ಬಳಸುತ್ತಿವೆ.

ಈ ಸಂಪುಟದ ಸಂಪಾದಕರಲ್ಲೊಬ್ಬರು, ಅಭಿನಂದನೆಯ ಗ್ರಂಥದಲ್ಲಿ ‘ಜಾತಿ’ಯ ಪ್ರಸಂಗ ಬೇಡವೆಂದು ಮೆಲ್ಲಗೆ ಸೂಚಿಸಿದರು. ಮೇಡಂ ಅವರನ್ನೇ ಕೇಳಿದೆ. “ಬರಿ ಕಣವ್ವ. ಅದನ್ನ ಬಿಟ್ರೆ ನಾನು ಈ ಕೆಲ್ಸ ಯಾಕ್ ಮಾಡ್ದೆ ಅಂತ ಯಾರಿಗ್ ಗೊತ್ತಾದದು?” ಎಂದರು. ಆದ್ದರಿಂದ ಬರೆದಿದ್ದೇನೆ.

ಮೇಡಂ ಅವರು ಆರೋಗ್ಯದಿಂದ ನೂರು ವರ್ಷ ಬಾಳಲಿ. ಇನ್ನೂ ಇಂಗ್ಲಿಷಿನಲ್ಲಿ ಗದರುತ್ತಿರುವ ಉಳಿದ ಸಂದೇಶಗಳನ್ನು ಬಿಡುವಾದಾಗ ನಮ್ಮೊಂದಿಗೆ ಕುಳಿತು ತಿದ್ದಲಿ. ನನಗೆ ಕಲಿಸಿದವರು, ಧೈರ್ಯ ಹೇಳಿದವರು ಅನೇಕರು. ಅವರೆಲ್ಲರ ಋಣ ನನ್ನ ಮೇಲಿದೆ. ನಮ್ಮ ಮನೆಯ ಚಾಪೆಯ ಮೇಲೆ ಕುಳಿತು, ನನ್ನ ಅವ್ವನ ಎದುರಿಗೆ, ತಪ್ಪು ನನ್ನದು ಎಂದವರು ಇವರೊಬ್ಬರೇ.