ಉದ್ದದ ಮಾತಿಗೆ ಮೂರು ತಟ್ಟು

ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ಕಿಟಕಿ ಪಕ್ಕದ ಮೇಜನ್ನು ಎರಡು ಕೈಗಳು ತಟ್ಟುತ್ತಿವೆ. ಒಂದು ಹುಬ್ಬಳ್ಳಿಯ ರುದ್ರವ್ವನದು, ಇನ್ನೊಂದು ಕೊರ್ನೆಲಿಸ್ ಅಜ್ಜನದು. ತಟ್ಟಿಗೊಂದು ತುಂಡು ಮಾತು ಅಜ್ಜನ ಬಾಯಿಂದ ಬರಬೇಕು. ಬರುವುದಿಲ್ಲ. ಅಜ್ಜ ಮುಖ ಕೆಂಪಗೆ ಮಾಡಿಕೊಂಡು ಮೇಜಿಗೇ ಗುದ್ದುತ್ತಾರೆ.

"ಮೇಜಿನ ಮ್ಯಾಲೆ ಯಾಕ್ರೀ ಸಿಟ್ಟು, ಅಜ್ಜಾರ? ಅದೇನ್ ಮಾಡೈತಿ ಪಾಪ!" ರುದ್ರವ್ವ ಕನ್ನಡದಲ್ಲೇ ಗದರುತ್ತಾರೆ. ಒಂದಕ್ಷರ ತಿಳಿಯದಿದ್ದರೂ ಅಜ್ಜನಿಗೆ ನಗು ಬರುತ್ತದೆ.

ಚಿಕ್ಕಂದಿನಲ್ಲೇ ಹಾಲೆಂಡಿನಿಂದ ಹಡಗು ಹತ್ತಿ ಬಂದ ಬಡಗಿ ಇವರು. ಪಾರ್ಶ್ವವಾಯು ಬಡಿದದ್ದೇ ತಡ, ಬಲಗೈ ಬಿತ್ತು, ಇಂಗ್ಲಿಷ್ ಮಾಯವಾಯಿತು. ಉಳಿದದ್ದು ತಾಯಿಭಾಷೆ ಡಚ್, ಅದೂ ಚೂರುಪಾರು. ಈ ಶನಿವಾರ ಸಿಡ್ನಿಯ ಕೆಲ್ಲಿವಿಲ್‌ನಿಂದ ಮೊಮ್ಮಗ ತನ್ನ ಹಸುಗೂಸನ್ನು ಕರೆತರುತ್ತಾನೆ. ಅದನ್ನು ಬಾಯ್ತುಂಬ 'ಮರಿಮಗಳೇ' ಅನ್ನಬೇಕು, ಅಜ್ಜನ ಹಟ ಅಷ್ಟೇ. ಆದರೆ ಡಚ್ಚಿನಲ್ಲಿ ಅದಕ್ಕಿರುವ ಮಾತೋ ರೈಲಿನುದ್ದ: ಆಖ್ತರ್‌ಕ್ಲೈನ್‌ದೊಖ್ತರ್!

ಗಂಡನ ಕೆಲಸದ ಹಿಂದೆ ಮೆಲ್ಬರ್ನ್‌ಗೆ ಬಂದ ರುದ್ರವ್ವ ಮೊದಲು ಅಂಗಡಿಯಲ್ಲಿ ಡಬ್ಬಿ ಜೋಡಿಸಿದರು, ಆಮೇಲೆ ಕೋರ್ಸ್ ಮಾಡಿದರು. ಈಗ ಸ್ಪೀಚ್ ಥೆರಪಿಸ್ಟ್‌ಗೆ ಸಹಾಯಕಿ. ಪಾಠ ಅವರು ಹೇಳಿಕೊಡುತ್ತಾರೆ, ದಿನವೂ ಕೂತು ತಾಲೀಮು ಮಾಡಿಸುವುದು ಇವರು. ವಾರ್ಡಿನಲ್ಲಿ ಎಲ್ಲರಿಗೂ ಇವರು ಬರೀ 'ರೂ'. ಪೂರ್ತಿ ಹೆಸರು ನಾಲಿಗೆಗೆ ಭಾರವಂತೆ, ಕೇಳಿ!

ಮೊದಮೊದಲು ಎಡವಟ್ಟಾಯಿತು. ಡಚ್ ಮಾತನ್ನು ಕನ್ನಡದಲ್ಲಿ ಬರೆದುಕೊಂಡ ರುದ್ರವ್ವ ಒತ್ತಕ್ಷರವನ್ನು ಒಡೆಯಲೇ ಇಲ್ಲ. 'ಆ' ಒಂದು ತಟ್ಟು, 'ಖ್ತರ್' ಇನ್ನೊಂದು. ಅಜ್ಜ ತಬ್ಬಿಬ್ಬು. ಅಜ್ಜನ ಮಗಳು ಆನೆಲೀಸ್ ನಗು ತಡೆದುಕೊಂಡು ತಿದ್ದಿದರು: ಆಖ್, ತರ್, ಕ್ಲೈನ್, ದೊಖ್, ತರ್. ಸರಿಹೋಯಿತು, ಆದರೂ ಅಜ್ಜ ನಡುದಾರಿಯಲ್ಲೇ ಕಳೆದುಹೋಗುತ್ತಿದ್ದರು. ಆಗ ರುದ್ರವ್ವ ತುಂಡುಗಳ ಅರ್ಥ ಕೇಳಿದರು. ಆಖ್ತರ್ ಅಂದರೆ ಹಿಂದೆ, ಕ್ಲೈನ್ ಅಂದರೆ ಸಣ್ಣ, ದೊಖ್ತರ್ ಅಂದರೆ ಮಗಳು.

"ಅಯ್ಯ, ಹಿಂದಿಂದ ಬಂದ ಸಣ್ಣ ಮಗಳು! ಹಂಗಾರ ಮೂರ ತಟ್ಟು ಸಾಕಲ್ರೀ. ರೊಟ್ಟಿ ಸಿಕ್ಕಂಗ ಮುರದ್ರ ಪುಡಿ ಆಗ್ತೈತಿ, ಪದರ ನೋಡಿ ಬಿಡಸ್ಬೇಕು," ಎನ್ನುತ್ತಾರೆ ರುದ್ರವ್ವ. ಥೆರಪಿಸ್ಟ್ ಒಪ್ಪಿದ್ದಾರೆ. ಮೂರು ತಟ್ಟಿನಲ್ಲಿ ಅಜ್ಜ ಎರಡರ ತನಕ ಬಂದಿದ್ದಾರೆ.

ಶನಿವಾರ ಬಂದೇಬಿಡುತ್ತದೆ. ಕೂಸನ್ನು ಅಜ್ಜನ ಎದೆಗೊರಗಿಸಿ ಆನೆಲೀಸ್ ಆಸರೆಯಾಗಿ ಹಿಡಿಯುತ್ತಾರೆ. ತಟ್ಟಲು ಮೇಜು ಕೈಗೆಟುಕುವುದಿಲ್ಲ. ಅಜ್ಜನ ಬಾಯಿ ತೆರೆಯುತ್ತದೆ, ಮಾತಿಲ್ಲ. "ನನ್ನ ಜೀವಾ ಬಾಯಿಗೆ ಬಂದಿತ್ರಿ," ಎಂದು ಆ ಗಳಿಗೆ ನೆನೆದು ರುದ್ರವ್ವ ಈಗಲೂ ಎದೆ ಮುಟ್ಟಿಕೊಳ್ಳುತ್ತಾರೆ. ಅಷ್ಟರಲ್ಲಿ ಕೂಸು ಅಳತೊಡಗುತ್ತದೆ. ಅಜ್ಜನ ಎಡಗೈ ತಾನಾಗಿಯೇ ಅದರ ಬೆನ್ನಿಗೆ ಹೋಗುತ್ತದೆ. ಮೆಲ್ಲಗೆ ಒಂದು ತಟ್ಟು, "ಆಖ್ತರ್." ಇನ್ನೊಂದು, "ಕ್ಲೈನ್." ಉಸಿರೆಳೆದುಕೊಂಡು ಮತ್ತೊಂದು, "ದೊಖ್ತರ್!" ಆನೆಲೀಸ್ ಅತ್ತುಬಿಡುತ್ತಾರೆ. ಕೂಸು ಮಾತ್ರ ಅಳು ನಿಲ್ಲಿಸಿ ಆಕಳಿಸುತ್ತದೆ.

ಸೋಮವಾರ ಬೆಳಿಗ್ಗೆ ರುದ್ರವ್ವ ಹೊಸ ಮಾತು ಹಿಡಿದು ಹಾಜರು. ಅಜ್ಜ ಬೇಡವೆಂದು ತಲೆಯಾಡಿಸಿ, ಆಕೆಯನ್ನೇ ನೋಡುತ್ತ ಮೇಜು ತಟ್ಟುತ್ತಾರೆ. "ರುದ್... ರವ್... ವ."

ಆಕೆ ಸೆರಗಿಲ್ಲದ ಯೂನಿಫಾರ್ಮಿನ ತೋಳಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ. "ಎಲ್ಲಿ ತುಂಡು ಮಾಡಿದ್ರೇನ್ರೀ, ಪೂರಾ ಹೆಸರು ಹಿಡದು ಕರದ್ರಲ್ಲ. ಈ ವಾರ್ಡಿನಾಗ ಹಂಗ ಕರದವ್ರು ಇವರೊಬ್ರ ನೋಡ್ರಿ."