ಎರೆಹೊಲದಲ್ಲಿ ಕಂಡ ಕೆಂಪು

ಯರಗುಪ್ಪಿಯ ನಮ್ಮ ಹೊಲದಲ್ಲಿ ಕೃಷಿಹೊಂಡ ಎಲ್ಲಿ ತೋಡಬೇಕೆಂದು ನನಗೂ ಕಾಕಾನಿಗೂ ಜಗಳ ನಡೆದಿತ್ತು. ಕಾಕಾ ರಸ್ತೆಯ ಬಾಜು ಅನ್ನುತ್ತಿದ್ದ. ಮಳೆನೀರೆಲ್ಲ ಜಾಲಿಗಿಡದ ಮೂಲೆಗೇ ಇಳಿಯುತ್ತದೆ ಎಂದು ನನ್ನ ವಾದ. ತಪ್ಪು ಜಾಗದಲ್ಲಿ ತೋಡಿದರೆ ಹೊಂಡ ತುಂಬುವುದೇ ಇಲ್ಲ.

"ಏಳನೇತ್ತಿಗೆ ಸಾಲಿ ಬಿಟ್ಟಾಂವ, ಈಗ ಇಂಜಿನಿಯರ್ ಆಗ್ಯಾನ ನೋಡ್ರಿ," ಎಂದು ಕಾಕಾ ಎಲ್ಲರ ಮುಂದೆ ನಗುತ್ತಿದ್ದ.

ಡ್ರೋನ್ ಹಾರಿಸಿ ಹೊಲ ಅಳೆದುಹೋಗಿದ್ದ ಸರ್ವೆ ಮೇಡಂ ಮರುವಾರ ಲ್ಯಾಪ್‌ಟಾಪ್ ತಂದರು. ಪರದೆಯ ಮೇಲೆ ನಮ್ಮ ಹೊಲ ಉಬ್ಬುತಗ್ಗುಗಳ ಸಮೇತ ಎದ್ದು ನಿಂತಿತ್ತು. ಆದರೆ ರಸ್ತೆಯ ಕಡೆ ಪೂರಾ ಕೆಂಪು! ನನಗೆ ಸಿಟ್ಟು ಬಂತು.

"ಇದು ನಮ್ಮ ಹೊಲ ಅಲ್ರಿ. ನಮ್ದು ಅಗದಿ ಕರಿ ಎರಿಭೂಮಿ. ಈ ಕೆಂಪು ಮಸಾರಿ ಮಣ್ಣು ಎಲ್ಲಿಂದ ಬಂತ್ರಿ?"

ಅವರು ನಕ್ಕುಬಿಟ್ಟರು. "ಇದು ಮಣ್ಣಿನ ಬಣ್ಣ ಅಲ್ರಿ ಅಣ್ಣಾರ. ಎತ್ತರ ಇದ್ದಲ್ಲಿ ಕೆಂಪು, ಇಳಿದಂಗ ಹಳದಿ, ಹಸರು. ಎಲ್ಲಾಕಿಂತ ತಗ್ಗು ಇದ್ದಲ್ಲಿ ನೀಲಿ."

ಅವರು ಬೆರಳಾಡಿಸಿ ಹೊಲವನ್ನು ಊಟದ ಗಂಗಾಳದಂತೆ ತಿರುಗಿಸಿದರು. ಜಾಲಿಗಿಡದ ಬುಡದಲ್ಲಿ ನೀಲಿ! ಎಷ್ಟು ಮಳೆಗಾಲ ಅಲ್ಲೇ ಎತ್ತಿನ ಕಾಲು ಹೂತಿದ್ದವು, ಅಲ್ಲೇ ನಾನು ಮೊಣಕಾಲುದ್ದ ಕೆಸರಲ್ಲಿ ನಿಂತು ಒಡ್ಡು ಕಟ್ಟಿದ್ದೆ.

"ಕಾಕಾ, ಇಲ್ಲಿ ಬಂದು ನೋಡು!" ಎಂದು ಕೂಗಿದೆ.

ಕಾಕಾ ಚಾಳೀಸು ಮೂಗಿಗೇರಿಸಿಕೊಂಡು ಬಹಳ ಹೊತ್ತು ನೋಡಿದ. "ನೀಲಿ ಅಂದ್ರ ತಗ್ಗು, ಹೌದಲ್ರಿ?" ಎಂದು ಮೇಡಂ ಅವರನ್ನು ಎರಡು ಸಲ ಕೇಳಿದ. ಆಮೇಲೆ ನನ್ನತ್ತ ತಿರುಗಿ, "ಲೇ ಇಂಜಿನಿಯರ್, ಸಲಿಕಿ ತಗೋ. ಗುರ್ತು ಹಾಕೂಣು ನಡಿ," ಎಂದವನೇ ಜಾಲಿಗಿಡದ ಕಡೆ ನನಗಿಂತ ಮುಂದೆ ಹೊರಟ.