ಅಧ್ಯಕ್ಷರು ಮೂರು ಸಲ ಹೇಳಿದ ಕಸದ ಮಾತು

ಯಾರ ದನಿಯನ್ನಾದರೂ ಎರಡು ನಿಮಿಷ ಕೇಳಿದರೆ ಸಾಕು, ಮೂರನೆಯ ನಿಮಿಷಕ್ಕೆ ನಾನದನ್ನು ಕದ್ದಿರುತ್ತೇನೆ. ದೆಹಲಿಯ ಓಲ್ಡ್ ರಾಜಿಂದರ್ ನಗರದ ನನ್ನ ಮನೆ ಮಾಲಕಿ, ಸಂವಿಧಾನ ಪಾಠ ಮಾಡುತ್ತಿದ್ದ ಕೋಚಿಂಗ್ ಮೇಷ್ಟ್ರು, ಮೆಟ್ರೋದಲ್ಲಿ ಬಾಗಿಲಿನಿಂದ ದೂರ ನಿಲ್ಲಿ ಎನ್ನುವ ಹೆಂಗಸು, ಯಾರನ್ನೂ ಬಿಟ್ಟಿಲ್ಲ. ಆದರೆ ಗೆಳೆಯರ ಪ್ರಕಾರ ನನ್ನ ಅತ್ಯುತ್ತಮ ಮಿಮಿಕ್ರಿ ಇವು ಯಾವುವೂ ಅಲ್ಲ, ಓದುತ್ತಿರುವ ಹುಡುಗನದು. ಮೂರು ವರ್ಷ ಅದನ್ನು ಎಷ್ಟು ಚೆನ್ನಾಗಿ ಮಾಡಿದೆನೆಂದರೆ ನಾನೇ ನಂಬಿಬಿಟ್ಟಿದ್ದೆ. ಐಎಎಸ್‌ನ ಪ್ರಿಲಿಮ್ಸ್ ಪರೀಕ್ಷೆ ಮಾತ್ರ ನಂಬಲಿಲ್ಲ.

ಈ ಕಳ್ಳತನ ಕಲಿಸಿದ್ದು ನಮ್ಮ ಹಾಡಿ. ಕರ್ನಾಟಕದ ದಕ್ಷಿಣದ ಅಂಚಿನ ಕಾಡಿನೊಳಗೆ ಮೂವತ್ತು ಚಿಲ್ಲರೆ ಮನೆಗಳಿರುವ ಬುಡಕಟ್ಟಿನ ಹಾಡಿ ಅದು. ನಮ್ಮಲ್ಲಿ ಕೂಟ ಸೇರಿದಾಗ ಒಂದು ಕಟ್ಟಳೆ ಉಂಟು. ಎದುರಿನವರ ಮಾತನ್ನು ಒಪ್ಪುವುದಿಲ್ಲ ಎನ್ನುವ ಮೊದಲು ಆ ಮಾತನ್ನು ನೀನು ತಿರುಗಿ ಹೇಳಬೇಕು, ಅವರು ಹೇಳಿದ ಹಾಗೆಯೇ. ಅವರು ತಲೆಯಾಡಿಸಿ, ಹೂಂ, ನಾನಂದದ್ದು ಇದೇ ಎಂದ ಮೇಲೆ ಮಾತ್ರ ನಿನ್ನ ಸರದಿ. ತಲೆಯಾಡಿಸದಿದ್ದರೆ ಮತ್ತೆ ಹೇಳಬೇಕು. ಹೀಗೆ ಹೇಳುತ್ತ ಹೇಳುತ್ತ ಅರ್ಧಕ್ಕರ್ಧ ಜಗಳಗಳು ಸುಸ್ತಾಗಿಯೇ ಸತ್ತುಹೋಗುತ್ತವೆ. ನೆನಪು ಸಾಲದ ಮುದುಕರ ಪರವಾಗಿ ತಿರುಗಿ ಹೇಳಲು ನನ್ನನ್ನು ಕೂರಿಸುತ್ತಿದ್ದರು. ನಾನೋ, ಮಾತಿನ ಜೊತೆಗೆ ಎದುರಾಳಿಯ ಕೆಮ್ಮು, ತೊದಲು, ಪಂಚೆ ಎತ್ತಿ ಕಟ್ಟುವ ರೀತಿ ಎಲ್ಲವನ್ನೂ ಒಪ್ಪಿಸಿ ಅತ್ತೆಯಿಂದ ಬೆನ್ನಿಗೆ ಗುದ್ದು ತಿನ್ನುತ್ತಿದ್ದೆ.

ಈ ಅತ್ತೆ ಅಪ್ಪನ ತಂಗಿ. ಹಾಡಿಯ ಕಸದ ಮಹಾರಾಣಿ ಎಂಬ ಬಿರುದು ನಾನೇ ಕೊಟ್ಟದ್ದು. ನಮ್ಮ ಕಾಡಿಗೆ ಪ್ರವಾಸಿಗರ ಜೀಪುಗಳು ಬರಲು ಶುರುವಾದ ಮೇಲೆ ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ, ಮಕ್ಕಳ ಡೈಪರ್ ಎಲ್ಲ ನಮ್ಮ ಹಳ್ಳಕ್ಕೇ ಬಂದು ಬೀಳುತ್ತಿದ್ದವು. ಆನೆಯ ಲದ್ದಿಯಲ್ಲಿ ಹಾಲಿನ ಪ್ಯಾಕೆಟ್ಟಿನ ಚೂರು ಕಂಡ ದಿನ ಅತ್ತೆ ಊಟ ಬಿಟ್ಟಳು. ಮಾರನೆಯ ದಿನದಿಂದ ಏಳೆಂಟು ಹೆಂಗಸರನ್ನು ಕಟ್ಟಿಕೊಂಡು ಕಸ ಆಯುವುದು, ಗಾಜು ಬೇರೆ, ಪ್ಲಾಸ್ಟಿಕ್ ಬೇರೆ, ತಗಡು ಬೇರೆ ಮಾಡಿ ಪೇಟೆಯ ಗುಜರಿಯವನಿಗೆ ಸಾಗಿಸುವುದು ನಡೆಯಿತು. ಯಾರೂ ಕೊಳ್ಳದ ಕಸ ಮಾತ್ರ ಚೀಲಗಳಲ್ಲಿ ಕೂತೇ ಇತ್ತು.

ಇದನ್ನು ನೋಡಿದ ಜಿಲ್ಲಾ ಕಚೇರಿಯ ಯಾರಿಗೋ ಒಂದು ಉಪಾಯ ಹೊಳೆಯಿತು. ಹಾಡಿಯವರು ಹೇಗೂ ಕಸ ಆಯುತ್ತಾರೆ, ಹಾಡಿಯ ಹಿಂದೆ ನಾಲ್ಕು ಎಕರೆ ಖಾಲಿ ಜಾಗವಿದೆ, ಸುತ್ತಲ ಅಷ್ಟೂ ರೆಸಾರ್ಟುಗಳ ಕಸಕ್ಕೆ ಅಲ್ಲೇ ಒಂದು ಗುಂಡಿ ತೋಡೋಣ. ಅದೇ ಹೊತ್ತಿಗೆ ದೆಹಲಿಯಲ್ಲಿ ಬುಡಕಟ್ಟು ಜಮೀನುಗಳ ಮೇಲಿನ ಕಸವನ್ನು ಏನು ಮಾಡಬೇಕೆಂಬ ನಿಯಮಗಳ ಕರಡು ತಯಾರಾಗುತ್ತಿತ್ತು. ಹತ್ತಿರದ ಖಾಲಿ ಜಾಗವನ್ನು ಕಸಕ್ಕೆ ಕೊಡಬಹುದು ಎಂದು ಅದರಲ್ಲಿತ್ತು. ಅದು ಹಾಗೇ ಪಾಸಾದರೆ ನಮ್ಮ ಗುಂಡಿ ಖಾತ್ರಿ. ಹಾಡಿ ಆಕ್ಷೇಪಣೆ ಬರೆದು ಕಳಿಸಿತು. ಕೊನೆಯ ಸಭೆಗೆ ಒಬ್ಬ ಪ್ರತಿನಿಧಿ ಬರಲಿ ಎಂದು ಉತ್ತರ ಬಂತು. ಹಾಡಿ ಅತ್ತೆಯನ್ನು ರೈಲು ಹತ್ತಿಸಿತು. ಅತ್ತೆಗೆ ಹಿಂದಿ ಬಾರದು, ಆದ್ದರಿಂದ ಅನುವಾದಕ್ಕೆ ನಾನು.

ನನ್ನ ಕೋಣೆಯಲ್ಲಿ ಒಬ್ಬ ಮಲಗಿದರೆ ಇನ್ನೊಬ್ಬ ನಿಂತಿರಬೇಕು. ಹಾಗಾಗಿ ಅತ್ತೆ ಉಳಿದದ್ದು ಮಯೂರ್ ವಿಹಾರದಲ್ಲಿ, ಆ ಕರಡು ತಯಾರಾಗುತ್ತಿದ್ದ ಕಚೇರಿಯ ಕನ್ನಡದ ಗುಮಾಸ್ತರ ಫ್ಲ್ಯಾಟಿನಲ್ಲಿ. ದೆಹಲಿಗೆ ಬಂದು ಇಪ್ಪತ್ತಾರು ವರ್ಷವಾದರೂ ಕಾಫಿ ಡಿಕಾಕ್ಷನ್ ವಿಷಯದಲ್ಲಿ ಯಾರೊಂದಿಗೂ ರಾಜಿಯಾಗದ ಮನುಷ್ಯ ಅವರು. ಸಭೆಗಳ ನಡಾವಳಿ ಬರೆಯುವುದು ಅವರ ಕೆಲಸ. ಅವರ ಮಗಳು ಅತ್ತೆಯ ಕನ್ನಡವನ್ನೆಲ್ಲ ಅರ್ಥಮಾಡಿಕೊಂಡು ಉತ್ತರವನ್ನೆಲ್ಲ ಹಿಂದಿಯಲ್ಲಿ ಕೊಡುತ್ತಿದ್ದಳು. ಇಬ್ಬರೂ ಒಂದು ಗಂಟೆ ಹರಟಿದರು, ಯಾರಿಗೂ ಏನೂ ಕಡಿಮೆ ಬೀಳಲಿಲ್ಲ.

ಸಂಜೆ ತಾರಸಿಗೆ ಹೋದೆವು. ದೂರದಲ್ಲಿ ಗಾಜೀಪುರದ ಕಸದ ಗುಡ್ಡ, ಅದರ ಮೇಲೆ ಹದ್ದುಗಳು ಸುತ್ತುತ್ತಿದ್ದವು. ನಮ್ಮ ಕಡೆ ದೇವರಿಲ್ಲದ ಬೆಟ್ಟವಿಲ್ಲ. ಅತ್ತೆ ಕೈ ಮುಗಿಯಲು ತಯಾರಾಗಿ, "ಆ ಬೆಟ್ಟದ ದ್ಯಾವ್ರು ಯಾರ್ಲಾ?" ಎಂದಳು.

"ಅದು ಬೆಟ್ಟ ಅಲ್ಲ ಅತ್ತೆ, ಊರಿನ ಕಸ."

ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಗುಮಾಸ್ತರ ಮುಖ ನೋಡಿದಳು. ಅವರು ಹೌದೆಂದರು. ಅತ್ತೆ ಜೋಡಿಸಿದ್ದ ಕೈಯನ್ನು ಬಿಚ್ಚಿ ಸೆರಗಿಗೆ ಒರೆಸಿಕೊಂಡಳು. ಆಮೇಲೆ, "ಸುರುವಾದಾಗ ಇದೂ ಖಾಲಿ ಜಾಗ ಅಂತಲೇ ಅಂದಿರ್ಬೇಕು" ಎಂದಳು.

ಕಾಫಿ ಕುಡಿಯುತ್ತ ಗುಮಾಸ್ತರು ನಮಗೆ ಸಭೆಯ ರೀತಿನೀತಿ ಹೇಳಿಕೊಟ್ಟರು. ಎಲ್ಲರೂ ಮಾತಾಡುತ್ತಾರೆ, ಆದರೆ ನಡಾವಳಿಗೆ ಹೋಗುವುದು ಅಧ್ಯಕ್ಷರ ಬಾಯಿಂದ ಬಂದದ್ದು ಮಾತ್ರ. ಉಳಿದವರದು ಚಹಾದ ಜೊತೆ ಬಿಸ್ಕತ್ತು ಇದ್ದ ಹಾಗೆ. ಅಧ್ಯಕ್ಷರು ಕೆಟ್ಟವರೇನಲ್ಲ, ಆದರೆ ಒಂದು ಗಂಟೆಯಲ್ಲಿ ಹನ್ನೊಂದು ವಿಷಯ ಮುಗಿಸುತ್ತಾರೆ. ನೋಟೆಡ್ ಅಂದರು ಅಂದರೆ ನಿಮ್ಮ ವಿಷಯ ಸತ್ತಿತು ಅಂತಲೇ ತಿಳಿಯಿರಿ. ಕೊನೆಗೆ ನನ್ನ ಕಡೆ ತಿರುಗಿ, "ನೀನು ಅಲ್ಲಿ ಬರೀ ಅನುವಾದ ಮಾಡಪ್ಪಾ. ನಾಟಕ ಬೇಡ" ಎಂದರು. ನಾನು ಅವರ ಡಿಕಾಕ್ಷನ್ ಮೇಲೆ ಆಣೆ ಮಾಡಿದೆ.

ಮರುದಿನ ಸಭೆಯ ಕೋಣೆಯಲ್ಲಿ ಉದ್ದದ ಮೇಜು, ಪ್ರತಿಯೊಬ್ಬರ ಮುಂದೂ ಒಂದೊಂದು ಪುಟ್ಟ ಪ್ಲಾಸ್ಟಿಕ್ ನೀರಿನ ಬಾಟಲಿ. ಅತ್ತೆ ಕೂತ ಕೂಡಲೇ ಬಾಟಲಿಗಳನ್ನು ಎಣಿಸಿದಳು. ಗ್ರೇಟರ್ ನೋಯ್ಡಾದಿಂದ ಬರಬೇಕಿದ್ದ, ಕರಡಿನ ಸಲಹೆಗಾರ ಟ್ರಾಫಿಕ್ಕಿಗೆ ಸಿಕ್ಕು ತಡವಾಗಿ ಬಂದು ಪರದೆಯ ಮೇಲೆ ನಕಾಶೆ ಬಿಟ್ಟ. ನಮ್ಮ ನಾಲ್ಕು ಎಕರೆಗೆ ಬೂದು ಬಣ್ಣ ಬಳಿದಿತ್ತು. ಬೂದು ಎಂದರೆ ಖಾಲಿಯಂತೆ. ಅಧ್ಯಕ್ಷರು ಪ್ರತಿ ವಾಕ್ಯಕ್ಕೂ ಒಂದು 'ಬೇಸಿಕಲಿ' ಹಾಕಿ, ಕನ್ನಡಕವನ್ನು ತೋರುಬೆರಳಿನಿಂದ ಎರಡು ಸಲ ತಟ್ಟಿ, ಹಿಂದಿಯಲ್ಲಿ ವಿವರಿಸಿದರು. ಕಸವನ್ನು ಮೂಲದಲ್ಲೇ ಬೇರ್ಪಡಿಸುವುದು, ಹತ್ತಿರದ ಖಾಲಿ ಜಾಗಕ್ಕೆ ಸಾಗಿಸುವುದು, ಅಲ್ಲಿ ಹಾಡಿಯ ಹೆಂಗಸರಿಗೇ ಕೆಲಸ ಕೊಡುವುದು. ಆಮೇಲೆ ಅತ್ತೆಯ ಕಡೆ ನೋಡಿ, ಏನಾದರೂ ಆಕ್ಷೇಪಣೆಯೇ ಎಂದು ಕೇಳಿದರು.

ನಾನು ಅನುವಾದಿಸಿದೆ. ಅತ್ತೆ, "ಮೊದ್ಲು ಅವ್ರು ಅಂದದ್ದ ಅವ್ರಿಗೆ ತಿರುಗಿ ಹೇಳ್ಲಾ. ಆಮ್ಯಾಕೆ ನಂದು" ಎಂದಳು.

ನಮ್ಮ ಕಟ್ಟಳೆಯನ್ನು ಅಧ್ಯಕ್ಷರಿಗೆ ವಿವರಿಸಿದೆ. ಅವರು ಗಡಿಯಾರ ನೋಡಿಕೊಂಡು, ಅಚ್ಛಾ, ಚಲೋ ಎಂದರು. ದೇವರಾಣೆ ನಾನು ಸಪ್ಪೆಯಾಗಿ ಹೇಳಬೇಕೆಂದೇ ಬಾಯಿ ತೆರೆದದ್ದು. ಆದರೆ ತಿರುಗಿ ಹೇಳು ಎಂದು ಅತ್ತೆ ಅಂದರೆ ನನ್ನ ನಾಲಗೆ ನನ್ನ ಮಾತು ಕೇಳುವುದಿಲ್ಲ. ಮೂರನೆಯ ವಾಕ್ಯಕ್ಕೆ ನಾನು ಪೂರ್ತಿ ಅಧ್ಯಕ್ಷನಾಗಿದ್ದೆ. ಅದೇ ಗಂಟಲು, ಅದೇ ಬೇಸಿಕಲಿ, ಇಲ್ಲದ ಕನ್ನಡಕವನ್ನು ತಟ್ಟುತ್ತಿದ್ದ ಅದೇ ತೋರುಬೆರಳು.

ಮುಗಿಸಿದಾಗ ಸಲಹೆಗಾರ ಲ್ಯಾಪ್‌ಟಾಪಿನೊಳಗೆ ಮುಖ ಹುದುಗಿಸಿದ. ಗುಮಾಸ್ತರು ತಮ್ಮ ಪೆನ್ನನ್ನು ಹೆಣದ ಹಾಗೆ ನೋಡುತ್ತಿದ್ದರು. ಹಾಡಿ ಒಂದು ತಿಂಗಳು ಕೂತು ಬರೆದ ಆಕ್ಷೇಪಣೆ, ಎರಡು ದಿನ ರೈಲಿನಲ್ಲಿ ಕೂತು ಬಂದ ಅತ್ತೆ, ಆ ನಾಲ್ಕು ಎಕರೆ, ಎಲ್ಲವನ್ನೂ ನನ್ನ ನಾಲಗೆಯ ತುರಿಕೆಗೆ ಬಲಿ ಕೊಟ್ಟೆ ಎನಿಸಿತು.

ಅಧ್ಯಕ್ಷರು ಕನ್ನಡಕ ತೆಗೆದರು. ನಾನು ಹೀಗೆ ಮಾತಾಡುತ್ತೇನೆಯೇ ಎಂದು ಗುಮಾಸ್ತರನ್ನು ಕೇಳಿದರು. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಅಷ್ಟು ಕಷ್ಟದ ಪ್ರಶ್ನೆಯನ್ನು ಗುಮಾಸ್ತರು ಎದುರಿಸಿರಲಿಲ್ಲ. ಅವರು ಕೆಮ್ಮಿದರು. ಅಧ್ಯಕ್ಷರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ, ಆಮೇಲೆ ಕೋಣೆಯೇ ನಕ್ಕಿತು. ಕಣ್ಣೊರೆಸಿಕೊಂಡು, ಹೌದು, ನಾನಂದದ್ದು ಇದೇ ಎಂದರು.

ಈಗ ಅತ್ತೆಯ ಸರದಿ. ಅವಳು ಒಮ್ಮೆಯೂ ನಕ್ಕಿರಲಿಲ್ಲ.

"ಆ ಜಾಗ ಖಾಲಿ ಇಲ್ಲ. ಅಲ್ಲಿ ನಮ್ಮವ್ವ ಮಲಗವ್ಳೆ, ಅವಳವ್ವ ಮಲಗವ್ಳೆ. ಮಳೆ ಬಿದ್ಮೇಲೆ ನಾವು ಅಲ್ಲೇ ಗೆಣಸು ಅಗೆಯೋದು. ಕಸ ನಮ್ದಲ್ಲ. ಜೀಪಲ್ಲಿ ಬಂದದ್ದು ಜೀಪಲ್ಲೇ ವಾಪಸ್ ಹೋಗ್ಲಿ. ನಮ್ಮ ಕೂಟ ಒಪ್ಪದೆ ಒಂದು ಗುಂಡಿನೂ ತೋಡಂಗಿಲ್ಲ."

ಒಂದಕ್ಷರ ಕೂಡಿಸದೆ ಹಿಂದಿಯಲ್ಲಿ ಹೇಳಿದೆ. ಅಧ್ಯಕ್ಷರು ತಲೆದೂಗಿ, ನೋಟೆಡ್, ಆದರೆ ಎಂದು ಶುರುಮಾಡಿದರು. ಅತ್ತೆ ಅಂಗೈ ಎತ್ತಿದಳು. "ಮೊದ್ಲು ತಿರುಗಿ ಹೇಳ್ಲಿ."

ಅಂಥ ಕುರ್ಚಿಯಲ್ಲಿ ಕೂತವರಿಗೆ ಪಾಠ ಒಪ್ಪಿಸಿ ಎಂದು ಹೇಳುವ ಕೆಲಸ ಯಾವ ಅನುವಾದಕನಿಗೂ ಬರಬಾರದು. ಹೇಳಿದೆ. ಈಗಷ್ಟೇ ಅಷ್ಟು ನಕ್ಕವರು ಇಲ್ಲವೆನ್ನುವುದು ಹೇಗೆ? ಅವರು ಗಂಟಲು ಸರಿಮಾಡಿಕೊಂಡು, ಬೇಸಿಕಲಿ ಸ್ಥಳೀಯರಿಗೆ ಆ ಜಾಗದ ಬಗ್ಗೆ ಭಾವನೆಗಳಿವೆ ಎಂದರು. ನಾನು ಕನ್ನಡಕ್ಕೆ ತಂದೆ.

"ಭಾವನೆ ಅಂತ ನಾನೆಲ್ಲಂದೆ? ನಮ್ಮವ್ವ ಅವ್ಳೆ ಅಂದೆ" ಎಂದು ಅತ್ತೆ ತಲೆ ಅಡ್ಡಡ್ಡ ಆಡಿಸಿದಳು.

ಎರಡನೆಯ ಸಲ ಅವ್ವನೂ ಬಂದಳು, ಗೆಣಸೂ ಬಂತು. ಆದರೆ ಕಸ ಸಾಧ್ಯವಾದ ಮಟ್ಟಿಗೆ ಜೀಪಿನಲ್ಲಿ ಹೋಗತಕ್ಕದ್ದು, ಹಾಡಿಯ ಕೂಟದ ಅಭಿಪ್ರಾಯ ಪಡೆಯತಕ್ಕದ್ದು ಎಂದಾಯಿತು. ಅತ್ತೆ ಮತ್ತೆ ತಲೆ ಆಡಿಸಿದಳು. ಅಭಿಪ್ರಾಯ ಕೇಳಿ ಚಹಾ ಕುಡಿಸಿ ಕಳಿಸುವುದು ಅವಳಿಗೆ ಗೊತ್ತು. ಅವಳು ಅಂದದ್ದು ಒಪ್ಪಿಗೆ. ನಡುವೆ ಸಲಹೆಗಾರ ಸಮಯದ ಬಗ್ಗೆ ಏನೋ ಹೇಳಹೋದ. ಅಧ್ಯಕ್ಷರು ಅವನಿಗೆ ಸುಮ್ಮನಿರಲು ಸನ್ನೆ ಮಾಡಿದರು. ಅವರಿಗೆ ಛಲ ಹತ್ತಿತ್ತು. ಒಬ್ಬ ಹುಡುಗ ತನ್ನನ್ನು ಒಂದೇ ಸಲಕ್ಕೆ ಒಪ್ಪಿಸಿದ್ದಾನೆ, ತನಗೆ ಎರಡು ಸಲವಾದರೂ ಬರುತ್ತಿಲ್ಲ.

ಮೂರನೆಯ ಸಲ ಅವರು ಪರದೆಗೆ ಬೆನ್ನು ಮಾಡಿ ಅತ್ತೆಯನ್ನೇ ನೋಡುತ್ತ ನಿಧಾನವಾಗಿ ಹೇಳಿದರು. ಆ ಜಾಗ ಖಾಲಿ ಇಲ್ಲ. ಅಲ್ಲಿ ಇವರ ತಾಯಿ ಇದ್ದಾರೆ, ತಾಯಿಯ ತಾಯಿ ಇದ್ದಾರೆ. ಇವರ ಊಟ ಅಲ್ಲಿ ಬೆಳೆಯುತ್ತದೆ. ಕಸ ಇವರದಲ್ಲ. ಜೀಪಿನಲ್ಲಿ ಬಂದದ್ದು ಜೀಪಿನಲ್ಲೇ ಹೋಗಬೇಕು. ಇವರ ಕೂಟ ಒಪ್ಪದೆ ಒಂದು ಗುಂಡಿಯನ್ನೂ ತೋಡಬಾರದು. ಒಂದೇ ಒಂದು ಬೇಸಿಕಲಿ ಇರಲಿಲ್ಲ. ಕನ್ನಡಕವೂ ತಟ್ಟಿಸಿಕೊಳ್ಳಲಿಲ್ಲ.

"ಹೂಂ" ಎಂದಳು ಅತ್ತೆ. "ನಾನಂದದ್ದು ಇದೇ."

ಇನ್ನು ಅವರು ಒಪ್ಪುವುದಿಲ್ಲ ಎನ್ನಬಹುದಿತ್ತು, ಕಟ್ಟಳೆಯ ಪ್ರಕಾರ ಸರದಿ ಅವರದೇ. ಅವರು ನಕಾಶೆಯ ಬೂದು ಬಣ್ಣ ನೋಡಿದರು. ಆಮೇಲೆ ಮುಂದಿನ ವಿಷಯ ಎಂದರು. ಗುಮಾಸ್ತರ ಪೆನ್ನು ಇನ್ನೂ ಕರಕರ ಓಡುತ್ತಿತ್ತು.

ಊಟದ ಹೊತ್ತಿಗೆ ನಡಾವಳಿ ಟೈಪಾಗಿ ಬಂತು. ಅಧ್ಯಕ್ಷರು ಈ ಕೆಳಗಿನಂತೆ ತಿಳಿಸಿದರು ಎಂದು ಶುರುವಾಗಿ, ಅವ್ವನಿಂದ ಗುಂಡಿಯವರೆಗೆ ಎಲ್ಲವೂ ಅದರಲ್ಲಿತ್ತು. ಸಲಹೆಗಾರ ಕೆಂಪಾದ. ಅಧ್ಯಕ್ಷರು ಬರೀ ತಿರುಗಿ ಹೇಳಿದ್ದಲ್ಲವೇ, ಅದು ತೀರ್ಮಾನ ಹೇಗಾಗುತ್ತದೆ ಎಂದು ತಕರಾರು ತೆಗೆದ. ಗುಮಾಸ್ತರು ಮುಖದಲ್ಲಿ ಒಂದು ಗೆರೆಯನ್ನೂ ಅಲ್ಲಾಡಿಸದೆ, ಮಾತು ಕುರ್ಚಿಯಿಂದ ಬಂತು, ಕುರ್ಚಿಯಿಂದ ಬಂದದ್ದನ್ನು ಬರೆಯುವುದು ನನ್ನ ಕೆಲಸ ಎಂದರು. ಅದು ಅಭ್ಯಾಸಬಲವೋ ಬೇಕೆಂದೇ ಮಾಡಿದ ಕಿತಾಪತಿಯೋ, ಅವರು ಇಂದಿಗೂ ಬಾಯಿ ಬಿಟ್ಟಿಲ್ಲ. ಅವರದೊಂದು ಮುಖವನ್ನು ಮಾತ್ರ ನನಗೆ ಮಿಮಿಕ್ರಿ ಮಾಡಲು ಆಗುವುದಿಲ್ಲ.

ಅಧ್ಯಕ್ಷರು ಹಾಳೆಯನ್ನು ಓದಿದರು. ಒಂದು ಗೀಟು ಎಳೆದರೆ ಮುಗಿಯುತ್ತಿತ್ತು. ಪೆನ್ನು ತೆಗೆದದ್ದು ನೋಡಿ ನಾನು ಅತ್ತೆಯ ಮೊಣಕೈ ಹಿಡಿದುಕೊಂಡೆ. ಅವರು ಗೀಟು ಎಳೆದರು, ನಿಜ. ಎಳೆದದ್ದು ಕರಡಿನಲ್ಲಿದ್ದ 'ಹತ್ತಿರದ ಖಾಲಿ ಜಾಗ' ಎಂಬ ಸಾಲಿಗೆ. ಆಮೇಲೆ ನಡಾವಳಿಯಲ್ಲಿ ಜೀಪಿನ ವಾಕ್ಯದ ಪಕ್ಕ, ಕಸ ಹಿಂದಕ್ಕೆ ಒಯ್ಯುವುದು ವಾಹನದವರ ಹೊಣೆ, ಒಯ್ಯದಿದ್ದರೆ ಮರುದಿನ ಪ್ರವೇಶವಿಲ್ಲ ಎಂದು ಸ್ವಂತ ಕೈಯಿಂದ ಸೇರಿಸಿ ಸಹಿ ಹಾಕಿದರು. ಹೋಗುವಾಗ ನನ್ನ ಪಕ್ಕ ನಿಂತು, ಮೂರು ಸಲ ಹೇಳಿದ ಮೇಲೆ ಅದು ನನ್ನದೇ ಮಾತು ಅನಿಸಿಬಿಟ್ಟಿತು, ಹೊಡೆದುಹಾಕಲು ಕೈ ಬರಲಿಲ್ಲ ಎಂದರು. ಆಮೇಲೆ ದನಿ ತಗ್ಗಿಸಿ, ಬೇಸಿಕಲಿ ನನ್ನ ಹಾಗೆ ಇನ್ನೊಮ್ಮೆ ಮಾತಾಡಿದರೆ ಸರಿಯಿರಲ್ಲ ಎಂದರು.

ಅತ್ತೆಗೆ ಕರೋಲ್ ಬಾಗಿನಲ್ಲಿ ಛೋಲೆ ಭಟೂರೆ ಕೊಡಿಸಿದೆ. ಪೂರಿಯಂತೆ ಉಬ್ಬಿದ್ದ ಭಟೂರೆಯನ್ನು ಬೆರಳಿನಿಂದ ಚುಚ್ಚಿ, ಗಾಳಿ ಹೋದ ಮೇಲೆ ಎಷ್ಟು ಉಳಿಯಿತು ನೋಡು, ನಿನ್ನ ಹಾಗೇ ಎಂದಳು. ಅಂದು ನನ್ನ ಬೆನ್ನಿಗೆ ಬಿದ್ದ ಗುದ್ದಿನಲ್ಲಿ ಮೊದಲಿನ ಬಲವಿರಲಿಲ್ಲ.

ನಿಯಮಗಳು ಹೊರಬಿದ್ದಾಗ ಆ ಸಾಲುಗಳು ಹಾಗೆಯೇ ಇದ್ದವು. ಗುಂಡಿಯ ಯೋಜನೆ ಕೈಬಿಟ್ಟಿದೆ ಎಂದು ಜಿಲ್ಲೆಯಿಂದ ಹಾಡಿಗೆ ಕಾಗದ ಬಂತು. ಕಾಗದ ತಂದವನಿಂದಲೇ ಅದನ್ನು ಎರಡು ಸಲ ಓದಿಸಿದರಂತೆ. ನಾನೀಗ ಅಂಥ ಸಭೆಗಳಿಗೆ ಅನುವಾದಕನಾಗಿ ಹೋಗುತ್ತೇನೆ. ಓದುವ ಹುಡುಗನ ಪಾತ್ರಕ್ಕೆ ಪರದೆ ಬಿದ್ದಿದೆ, ಪ್ರೇಕ್ಷಕರಿಗೆ ವಂದನೆಗಳು.

ಹೊಸ ನಿಯಮದ ಮೊದಲ ಸೋಮವಾರ ಅತ್ತೆ ವಿಡಿಯೋ ಕರೆ ಮಾಡಿ ಫೋನನ್ನು ಹಳ್ಳದ ಕಡೆ ತಿರುಗಿಸಿದಳು. ರೆಸಾರ್ಟಿನ ಜೀಪಿಗೆ ಡ್ರೈವರ್ ಚೀಲ ಹೇರುತ್ತಿದ್ದ, ನಮ್ಮ ಹೆಂಗಸರು ಮರದ ಕೆಳಗೆ ಕಾಲು ಚಾಚಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಕೊನೆಗೆ ಒಂದೇ ಒಂದು ಗುಲಾಬಿ ಬಣ್ಣದ ಚಪ್ಪಲಿ ಉಳಿಯಿತು. ಅದನ್ನೂ ಜೀಪಿನೊಳಗೆ ಎಸೆದು ಡ್ರೈವರ್ ಹತ್ತಲು ಹೋದ. ಅತ್ತೆ ಅಡ್ಡ ನಿಂತಳು.

"ಇದರ ಜೊತೆದು ಎಲ್ಲಿ?"

ಒಂದೇ ಸಿಕ್ಕಿದ್ದು ಎಂದು ಅವನು ಗೊಣಗಿದ.

"ಕಾಡಿಗೆ ಒಂಟಿ ಕಾಲಲ್ಲಿ ಬಂದವರ ನಾನು ನೋಡಿಲ್ಲ ಕಣಪ್ಪಾ. ಹುಡುಕು" ಎಂದಳು.

ನಾನು ಸಭೆಯವರ ಫೋನು, ಮಾಲಕಿಯ ಫೋನು ಎಲ್ಲ ಬಿಟ್ಟು ಪೂರ್ತಿ ಮುಕ್ಕಾಲು ಗಂಟೆ ನೋಡಿದೆ. ಡ್ರೈವರ್ ಪ್ಯಾಂಟು ಮಡಚಿ ಹಳ್ಳಕ್ಕೆ ಇಳಿದು, ಎರಡನೆಯ ಚಪ್ಪಲಿಯನ್ನು ಕೈಯಲ್ಲೆತ್ತಿ ಹಿಡಿದು ಮೇಲೆ ಬರುವವರೆಗೆ.